ಮರದ ಪೆಲೆಟ್ ಆಮದು: ಜಪಾನ್, ದಕ್ಷಿಣ ಕೊರಿಯಾ ಮತ್ತು ಉಡುಪಿ ಕರಾವಳಿ

ಮರದ ಹುಡಿ, ಚಕ್ಕೆ, ಸಿಬಿರುಗಳನ್ನು ಒಣಗಿಸಿ ಅರೆದು, ಉಕ್ಕಿನ ಅಚ್ಚಿನ ತೂತುಗಳ ಮೂಲಕ ಭಾರೀ ಒತ್ತಡದಲ್ಲಿ ನೂಕಿ ತಯಾರಿಸುವ ಗುಳಿಗೆಯಂಥ ಉರುವಲೇ ಮರದ ಪೆಲೆಟ್. ಅದೇ ಹುಡಿಯನ್ನು ದಪ್ಪ ಕೊರಡಾಗಿ ಒತ್ತಿದರೆ ಬ್ರಿಕೆಟ್. ಎರಡೂ ಸಾಮಿಲ್ಲುಗಳ ಕಸವನ್ನು ಕಾಸಾಗಿಸುವ ಉಪಾಯವಾಗಿ ಹುಟ್ಟಿದವು. 1970ರ ದಶಕದ ತೈಲ ಬಿಕ್ಕಟ್ಟಿನ ಬಳಿಕ ಅಮೆರಿಕ, ಸ್ವೀಡನ್‌ಗಳಲ್ಲಿ ಮನೆ ಬೆಚ್ಚಗಿಡಲು ಬಳಕೆಗೆ ಬಂದ ಪೆಲೆಟ್, ಮುಂದೆ ವಿದ್ಯುತ್ ಸ್ಥಾವರಗಳ ಇಂಧನವಾಗಿ ಸಾಗರ ದಾಟತೊಡಗಿತು. ಏಷ್ಯಾದಲ್ಲಿ ಅದನ್ನು ಅತಿ ಹೆಚ್ಚು ಕೊಳ್ಳುವ ದೇಶಗಳು ಎರಡು: ಜಪಾನ್ ಮತ್ತು ದಕ್ಷಿಣ ಕೊರಿಯಾ. ಎರಡೂ ಹೆಚ್ಚುಕಡಿಮೆ ಒಂದೇ ವರ್ಷ ಹೊರಟು, ತೀರಾ ಬೇರೆ ಬೇರೆ ದಾರಿಯಲ್ಲಿ ನಡೆದವು. ಆ ಎರಡು ದಾರಿಗಳನ್ನು ಹೋಲಿಸಿ, ಆಮದು ಇಂಧನವನ್ನೇ ನಂಬಿದ ಇನ್ನೊಂದು ಕರಾವಳಿಯನ್ನು, ಅಂದರೆ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸೀಮೆಯನ್ನು ಅದೇ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ.

ಸರಕಿನ ಗುಣ

ಕೈಗಾರಿಕೆಗೆ ಹೋಗುವ ಪೆಲೆಟ್ 6ರಿಂದ 8 ಮಿ.ಮೀ. ದಪ್ಪ, ಒಂದರಿಂದ ನಾಲ್ಕು ಸೆಂ.ಮೀ. ಉದ್ದ. ಅದಕ್ಕೆ ಅಂಟು ಬೆರೆಸುವುದಿಲ್ಲ. ಒತ್ತುವಾಗ ಹುಟ್ಟುವ ಶಾಖಕ್ಕೆ ಮರದಲ್ಲಿರುವ ಲಿಗ್ನಿನ್ ಮೆತ್ತಗಾಗಿ, ತಣಿದ ಮೇಲೆ ಹುಡಿಯನ್ನು ಹಿಡಿದುಕೊಳ್ಳುತ್ತದೆ. ಮೈಮೇಲೆ ಕಾಣುವ ನಯವಾದ ಹೊಳಪು ಅದರದೇ. ಈಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ನೀರು. ಪೆಲೆಟ್‌ನಲ್ಲಿ ತೇವ ಶೇ. 10ಕ್ಕಿಂತ ಕಡಿಮೆ. ಒಂದು ಕಿಲೊ ಪೆಲೆಟ್ ಉರಿದರೆ ಸುಮಾರು 4,000 ಕಿಲೊಕ್ಯಾಲರಿ ಶಾಖ ಸಿಗುತ್ತದೆ. ಒಳ್ಳೆಯ ಕಲ್ಲಿದ್ದಲು ಇದಕ್ಕಿಂತ ಮೇಲು, ಹಸಿ ಸೌದೆ ಬಹಳ ಕೆಳಗೆ. ಒಂದು ಘನ ಮೀಟರ್ ಜಾಗದಲ್ಲಿ 650 ಕಿಲೊದಷ್ಟು ಪೆಲೆಟ್ ಹಿಡಿಸುತ್ತದೆ. ಸೌದೆಯನ್ನು ಹಡಗಿಗೆ ತುಂಬಿದರೆ ಬಾಡಿಗೆ ಹುಟ್ಟುವುದಿಲ್ಲ, ಪೆಲೆಟ್ ತುಂಬಿದರೆ ಹುಟ್ಟುತ್ತದೆ. ಇಡೀ ವ್ಯಾಪಾರ ನಿಂತಿರುವುದು ಈ ಸಾಂದ್ರತೆಯ ಮೇಲೆ.

ಒಂದು ಪೆಲೆಟನ್ನು ನೀರಿನ ಲೋಟಕ್ಕೆ ಹಾಕಿದರೆ ಅದರ ದೌರ್ಬಲ್ಯ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಮೊದಲು ಉಬ್ಬುತ್ತದೆ, ಆಮೇಲೆ ಬಿರಿಯುತ್ತದೆ, ಕೊನೆಗೆ ತಳದಲ್ಲಿ ಉಳಿಯುವುದು ಬರೀ ಮರದ ಹುಡಿ. ಕಲ್ಲಿದ್ದಲನ್ನು ಬಯಲಲ್ಲಿ ರಾಶಿ ಹಾಕಿ ಮಳೆಗೆ ಬಿಡಬಹುದು. ಪೆಲೆಟ್‌ಗೆ ಹಡಗಿನ ಹೊಟ್ಟೆಯಿಂದ ಬಾಯ್ಲರಿನ ಬಾಯಿವರೆಗೆ ಮಾಡು ಬೇಕು, ಮುಚ್ಚಿದ ಬೆಲ್ಟ್ ಬೇಕು, ಉಗ್ರಾಣ ಬೇಕು. ವರ್ಷಕ್ಕೆ 4,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಉಡುಪಿಯಂಥ ಜಿಲ್ಲೆಯಲ್ಲಿ ಇದೇನು ಸಣ್ಣ ಖರ್ಚಲ್ಲ.

ಇನ್ನೊಂದು ದೋಷ ಧೂಳು. ಪೆಲೆಟ್ ಉಜ್ಜಾಡಿ ಏಳುವ ಸಣ್ಣ ಹುಡಿ ಮುಚ್ಚಿದ ಜಾಗದಲ್ಲಿ ಗಾಳಿಯೊಂದಿಗೆ ಬೆರೆತರೆ ಒಂದು ಕಿಡಿಗೆ ಸ್ಫೋಟವಾಗುತ್ತದೆ. ಜಪಾನಿನ ಐಚಿ ಪ್ರಾಂತ್ಯದ ತಾಕೆತೊಯೊದಲ್ಲಿ ಕಲ್ಲಿದ್ದಲಿನೊಂದಿಗೆ ಪೆಲೆಟ್ ಬೆರೆಸಿ ಉರಿಸುತ್ತಿದ್ದ ಹೊಚ್ಚಹೊಸ ಘಟಕದಲ್ಲಿ 2024ರ ಜನವರಿ 31ರಂದು ಇಂಥದೇ ಸ್ಫೋಟವಾಗಿ ಬೆಂಕಿ ಬಿತ್ತು. ಕಲ್ಲಿದ್ದಲಿಗೆಂದು ಕಟ್ಟಿದ ವ್ಯವಸ್ಥೆಯೊಳಗೆ ಮರವನ್ನು ತೂರಿಸುವುದು ಕಾಗದದ ಮೇಲೆ ಕಾಣುವಷ್ಟು ಸಲೀಸಲ್ಲ.

ಮರದ ಹುಡಿಯನ್ನು ಒತ್ತಿ ಉರಿಸುವುದು ಕರಾವಳಿಗೆ ಹೊಸ ವಿದ್ಯೆಯಲ್ಲ. ಗ್ಯಾಸ್ ಮನೆಮನೆಗೆ ಬರುವ ಮೊದಲು ಸಾಮಿಲ್ಲಿನಿಂದ ಗೋಣಿಯಲ್ಲಿ ಹುಡಿ ತಂದು, ತಗಡಿನ ಒಲೆಯ ನಡುವೆ ಬಾಟಲಿಯನ್ನೋ ದೊಣ್ಣೆಯನ್ನೋ ನಿಲ್ಲಿಸಿ, ಸುತ್ತಲೂ ಹುಡಿ ಸುರಿದು ಕೈಯಿಂದ ಗಟ್ಟಿಯಾಗಿ ಜಡಿಯುತ್ತಿದ್ದರು. ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಎತ್ತಿದರೆ ಹೊಗೆಕೊಳವೆ ಸಿದ್ಧ. ಜಡಿದದ್ದು ಸಡಿಲವಾದರೆ ಅನ್ನ ಅರ್ಧ ಬೇಯುವಷ್ಟರಲ್ಲಿ ಒಲೆ ಒಳಗೇ ಕುಸಿಯುತ್ತಿತ್ತು. ಜಪಾನಿನಲ್ಲಿ ಇದೇ ಹುಡಿಯನ್ನು ತಿರುಪು ಯಂತ್ರದಲ್ಲಿ ಒತ್ತಿ ಓಗಾಲೈಟ್ ಎಂಬ ಟೊಳ್ಳು ಕೊರಡು ಮಾಡುವ ಉದ್ಯಮ ಬೆಳೆದಿತ್ತು. ನಮ್ಮಲ್ಲಿ ಬ್ರಿಕೆಟ್ ಮಾರುವವರು ಅದನ್ನು ‘ಬಿಳಿ ಕಲ್ಲಿದ್ದಲು’ ಎಂದು ಕರೆಯುತ್ತಾರೆ. ಅದರ ಬಣ್ಣ ಕಂದು.

ಲೆಕ್ಕ ಎಲ್ಲಿಂದ ಶುರು

ಯಾವ ದೇಶ ಎಷ್ಟು ಪೆಲೆಟ್ ತರಿಸಿತು ಎಂದು ಹೇಳಲು ಸುಂಕದ ದಾಖಲೆಗಳೇ ಆಧಾರ. ಆ ದಾಖಲೆಗಳಲ್ಲಿ ಪ್ರತಿ ಸರಕಿಗೂ ಜಗತ್ತಿಗೆಲ್ಲ ಸಮಾನವಾದ ಆರಂಕಿಯ ಸಂಖ್ಯೆಯಿದೆ. 2012ರವರೆಗೆ ಪೆಲೆಟ್‌ಗೆ ಸ್ವಂತ ಸಂಖ್ಯೆ ಇರಲಿಲ್ಲ. ಮರದ ಹುಡಿ, ಚೂರುಪಾರುಗಳ ಜತೆ ಒಂದೇ ಬುಟ್ಟಿಯಲ್ಲಿತ್ತು. ಆ ವರ್ಷದ ಪರಿಷ್ಕರಣೆಯಲ್ಲಿ 4401.31 ಎಂಬ ಸಂಖ್ಯೆ ಬಂತು. ಬ್ರಿಕೆಟ್‌ಗೆ ಪ್ರತ್ಯೇಕ ಸಂಖ್ಯೆ ಸಿಕ್ಕಿದ್ದು 2022ರಲ್ಲಿ. ಹೀಗಾಗಿ ಎರಡು ದೇಶಗಳನ್ನು ಒಂದೇ ಅಳತೆಗೋಲಿನಿಂದ ಹೋಲಿಸುವುದಾದರೆ 2012ಕ್ಕಿಂತ ಹಿಂದೆ ಹೋಗುವುದರಲ್ಲಿ ಅರ್ಥವಿಲ್ಲ.

ಆ ಸಂಖ್ಯೆಯೊಳಗೆ ಬಾರದ ಸರಕುಗಳೂ ಇವೆ. ಜಪಾನಿನ ಸ್ಥಾವರಗಳು ಇಂಡೋನೇಷ್ಯಾ, ಮಲೇಷ್ಯಾಗಳಿಂದ ತಾಳೆಬೀಜದ ಚಿಪ್ಪನ್ನೂ ಲಕ್ಷಗಟ್ಟಲೆ ಟನ್ ತರಿಸುತ್ತವೆ. ಅದು ಮರವಲ್ಲವಾದ್ದರಿಂದ ಪೆಲೆಟ್ ಲೆಕ್ಕಕ್ಕೆ ಸೇರುವುದಿಲ್ಲ. ಪೆಲೆಟ್ ಅಂಕಿಯೊಂದನ್ನೇ ನೋಡಿದರೆ ಜಪಾನಿನ ಹಸಿವು ಇದ್ದದ್ದಕ್ಕಿಂತ ಸಣ್ಣದಾಗಿ ಕಾಣುತ್ತದೆ.

ಎರಡು ರೇಖೆಗಳು

2012ರಲ್ಲಿ ಜಪಾನ್ ತರಿಸಿದ್ದು ಸುಮಾರು 72,000 ಟನ್, ಕೊರಿಯಾ ಸುಮಾರು 1.22 ಲಕ್ಷ ಟನ್. ಎರಡೂ ನಗಣ್ಯ. ಆಗ ಈ ವ್ಯಾಪಾರದ ಕೇಂದ್ರ ಯುರೋಪ್. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿರುವ ಡ್ರ್ಯಾಕ್ಸ್ ಸ್ಥಾವರ 2013ರಿಂದ ಒಂದೊಂದಾಗಿ ನಾಲ್ಕು ಕಲ್ಲಿದ್ದಲು ಘಟಕಗಳನ್ನು ಮರಕ್ಕೆ ಬದಲಿಸಿತು. ಬ್ರಿಟನ್ನಿನ ಆಮದು 2021ರ ಹೊತ್ತಿಗೆ 91 ಲಕ್ಷ ಟನ್ ಮುಟ್ಟಿತು.

ಏಷ್ಯಾದಲ್ಲಿ ಮೊದಲು ಜಿಗಿದದ್ದು ಕೊರಿಯಾ. ಅದರ ಆಮದು 2013ರಲ್ಲಿ ಸುಮಾರು 4.85 ಲಕ್ಷ ಟನ್, 2014ರಲ್ಲಿ ಸುಮಾರು 18.5 ಲಕ್ಷ ಟನ್. ಒಂದೇ ವರ್ಷದಲ್ಲಿ ನಾಲ್ಕು ಪಟ್ಟು ಹತ್ತಿರ! ಆ ವರ್ಷ ಕೊರಿಯನ್ನರಿಗೆ ಹೆಚ್ಚು ವಿದ್ಯುತ್ ಬೇಕಾಗಿತ್ತೆಂದಲ್ಲ. 2012ರ ಆರಂಭದಲ್ಲಿ ಅಲ್ಲಿನ ಸರ್ಕಾರ ಒಂದು ನಿಯಮ ತಂದಿತ್ತು: 500 ಮೆಗಾವ್ಯಾಟ್‌ಗಿಂತ ದೊಡ್ಡ ಉತ್ಪಾದಕರು ತಮ್ಮ ವಿದ್ಯುತ್ತಿನಲ್ಲಿ ಒಂದು ಪಾಲನ್ನು ನವೀಕರಿಸಬಹುದಾದ ಮೂಲದಿಂದ ತೋರಿಸಬೇಕು. ಮೊದಲ ವರ್ಷ ಶೇ. 2, ಆಮೇಲೆ ವರ್ಷವರ್ಷಕ್ಕೂ ಹೆಚ್ಚು. ಬಿಸಿಲು, ಗಾಳಿಯ ಘಟಕ ಕಟ್ಟಲು ಜಾಗ ಬೇಕು, ಕಾಲ ಬೇಕು. ಇದ್ದ ಕಲ್ಲಿದ್ದಲು ಬಾಯ್ಲರಿಗೆ ಒಂದಿಷ್ಟು ಪೆಲೆಟ್ ಬೆರೆಸಲು ಎರಡೂ ಬೇಡ, ಸರಬರಾಜಿನ ಟೆಂಡರು ಕರೆದರೆ ಸಾಕು. ಸರ್ಕಾರಿ ವಿದ್ಯುತ್ ನಿಗಮದ ಅಂಗಸಂಸ್ಥೆಗಳು ಅದನ್ನೇ ಮಾಡಿದವು, ಅದರಿಂದ ಬಂದ ವಿದ್ಯುತ್ತಿಗೆ ನವೀಕರಿಸಬಹುದಾದ ಇಂಧನದ ಪ್ರಮಾಣಪತ್ರ ಪಡೆದವು. 2015ರಲ್ಲಿ ಆಮದು 14.7 ಲಕ್ಷ ಟನ್ನಿಗೆ ಇಳಿಯಿತು, ಮತ್ತೆ ಏರಿತು, 2017ರಲ್ಲಿ 24 ಲಕ್ಷ, 2018ರಲ್ಲಿ 30 ಲಕ್ಷ ದಾಟಿತು. ಹೀಗೆ ಏರಿಳಿಯುತ್ತ ಹೋಗುವುದು ಟೆಂಡರು ವ್ಯಾಪಾರದ ಸ್ವಭಾವ. ಕಡಿಮೆ ದರ ಹಾಕಿದವನಿಂದ ಕೊಳ್ಳುವುದು, ಮುಂದಿನ ತಿಂಗಳು ಮತ್ತೊಬ್ಬ.

ಜಪಾನಿನ ರೇಖೆ ಬಹುಕಾಲ ನೆಲಕ್ಕೇ ಅಂಟಿಕೊಂಡಿತ್ತು. 2015ರಲ್ಲಿ 2.32 ಲಕ್ಷ, 2017ರಲ್ಲಿ 5.06 ಲಕ್ಷ. ಆಮೇಲೆ ಏರಿದ್ದು ಮತ್ತೆ ಇಳಿಯಲೇ ಇಲ್ಲ: 2018ರಲ್ಲಿ 10.6 ಲಕ್ಷ, 2019ರಲ್ಲಿ 16.1, 2020ರಲ್ಲಿ 20.3, 2021ರಲ್ಲಿ 31.2, 2022ರಲ್ಲಿ 44.1, 2023ರಲ್ಲಿ 58.1, 2024ರಲ್ಲಿ ಸುಮಾರು 63.8 ಲಕ್ಷ ಟನ್. ಕೊರಿಯಾ 2021–22ರ ಹೊತ್ತಿಗೆ ಹಿಂದೆ ಬಿತ್ತು. ಜಪಾನ್ ಆಯ್ದುಕೊಂಡದ್ದು ಬೇರೆ ಉಪಕರಣ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ದುರಂತವಾಗಿ ಅಣು ಸ್ಥಾವರಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ, 2012ರ ಜುಲೈ 1ರಿಂದ ಅಲ್ಲಿ ನಿಗದಿತ ದರದ ಖರೀದಿ ಜಾರಿಗೆ ಬಂತು. ಆಮದು ಮರ ಉರಿಸಿ ಮಾಡಿದ ವಿದ್ಯುತ್ತಿಗೂ ಯೂನಿಟ್‌ಗೆ 24 ಯೆನ್, ಅದೂ 20 ವರ್ಷ ಖಾತರಿ. ಇಂಥ ಖಾತರಿ ಸಿಕ್ಕಾಗ ಉದ್ಯಮಿಗಳು ಹಳೆಯ ಬಾಯ್ಲರಿಗೆ ಬೆರಕೆ ಮಾಡುವುದರಲ್ಲಿ ನಿಲ್ಲುವುದಿಲ್ಲ, ಸಮುದ್ರ ತೀರದಲ್ಲಿ ಹೊಸ ಸ್ಥಾವರವನ್ನೇ ಕಟ್ಟುತ್ತಾರೆ. ಬ್ಯಾಂಕು ಸಾಲ ಕೊಡುತ್ತದೆ. ಸಾಲ ಕೊಡುವ ಬ್ಯಾಂಕು ‘ಇಂಧನ ಎಲ್ಲಿಂದ’ ಎಂದು ಕೇಳುತ್ತದೆ. ಅದಕ್ಕೆ ಉತ್ತರವಾಗಿ ಕೆನಡಾ, ಅಮೆರಿಕದ ಕಂಪನಿಗಳೊಂದಿಗೆ ಹತ್ತು ಹದಿನೈದು ವರ್ಷದ ಕರಾರು ಆಗುತ್ತದೆ. ಇದಕ್ಕೆಲ್ಲ ನಾಲ್ಕಾರು ವರ್ಷ ಹಿಡಿಯುತ್ತದೆ. 2017ರ ಅಕ್ಟೋಬರಿನಿಂದ ದೊಡ್ಡ ಸ್ಥಾವರಗಳ ದರ 21 ಯೆನ್‌ಗೆ ಇಳಿಯುತ್ತದೆಂದು ತಿಳಿದಾಗ ಅದಕ್ಕೆ ಮುನ್ನವೇ ಅನುಮತಿ ಗಿಟ್ಟಿಸಲು ಅರ್ಜಿಗಳ ನೂಕುನುಗ್ಗಲಾಯಿತು. ಆಗ ಅನುಮತಿ ಪಡೆದವು ಬಾಯ್ಲರ್ ಹೊತ್ತಿಸಿದ್ದು 2020ರ ನಂತರ. 2022, 2023ರ ಅಂಕಿಗಳನ್ನು ಬರೆದದ್ದು ನಿಜವಾಗಿ 2017ರ ಆ ಗುಂಪು.

ಎರಡು ದೇಶಗಳ ವ್ಯತ್ಯಾಸದ ಗುಟ್ಟು ಇಷ್ಟೇ. ಕೊರಿಯಾದ್ದು ಇದ್ದ ಒಲೆಗೆ ಬೆರಕೆ, ಆದ್ದರಿಂದ ಬೇಗ ಏರಿತು, ಬೇಗ ನಿಂತಿತು. ಜಪಾನಿನದು ಹೊಸ ಒಲೆ, ಆದ್ದರಿಂದ ತಡವಾಗಿ ಏರಿತು, ನಿಲ್ಲಿಸುವುದು ಕಷ್ಟ. ಎರಡೂ ದೇಶಗಳ ನೆಲದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕಾಡಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಯುದ್ಧಾನಂತರ ನೆಟ್ಟ ಸುಗಿ, ಹಿನೊಕಿ ಮರಗಳ ತೋಪುಗಳು ಜಪಾನಿನ ಗುಡ್ಡಗಳಲ್ಲಿ ಕಡಿಯುವವರಿಲ್ಲದೆ ನಿಂತಿವೆ. ಸಾವಿರಾರು ಮೈಲಿ ದೂರದಿಂದ ಮರ ತರಿಸಿದ್ದು ಮರವಿಲ್ಲದ ಕಾರಣಕ್ಕಲ್ಲ. ಕಡಿದಾದ ಗುಡ್ಡದಿಂದ ಒಂದು ಟನ್ ಇಳಿಸುವ ಕೂಲಿಗಿಂತ ಹಡಗಿನ ಬಾಡಿಗೆ ಅಗ್ಗ ಎಂಬ ಕಾರಣಕ್ಕೆ.

ಏರಿಸಿದ ಕೈಯೇ ಇಳಿಸಲೂ ತೊಡಗಿದೆ. ಕೊರಿಯಾ 2018ರಲ್ಲಿ ಹೊಸ ಬೆರಕೆ ಘಟಕಗಳಿಗೆ ಪ್ರಮಾಣಪತ್ರದ ತೂಕವನ್ನು, ಅಂದರೆ ಅಷ್ಟು ವಿದ್ಯುತ್ತಿಗೆ ಎಷ್ಟು ಪ್ರಮಾಣಪತ್ರ ಎಂಬ ಗುಣಕವನ್ನು, ಸೊನ್ನೆ ಮಾಡಿ, ತನ್ನದೇ ಕಾಡಿನ ಬಳಕೆಯಾಗದ ಮರಕ್ಕೆ ಹೆಚ್ಚು ತೂಕ ಕೊಟ್ಟಿತು. ಆ ಬಳಿಕ ಆಮದು ಮೂರು ವರ್ಷ 30 ಲಕ್ಷ ಟನ್ನಿನ ಆಸುಪಾಸಿನಲ್ಲೇ ನಿಂತಿತು. 2024ರ ಡಿಸೆಂಬರಿನಲ್ಲಿ ಹೊಸ ಸ್ಥಾವರಗಳಿಗೆ ಪ್ರಮಾಣಪತ್ರ ನಿಲ್ಲಿಸುವ, ಇರುವವಕ್ಕೆ ಹಂತಹಂತವಾಗಿ ಇಳಿಸುವ ನಿರ್ಧಾರ ಹೊರಬಿತ್ತು. ಜಪಾನ್ ಕೂಡ ಆಮದು ಮರ ನೆಚ್ಚಿದ ಹೊಸ ದೊಡ್ಡ ಸ್ಥಾವರಗಳನ್ನು 2026ರ ಆರ್ಥಿಕ ವರ್ಷದಿಂದ ಬೆಂಬಲದ ಪಟ್ಟಿಯಿಂದ ಕೈಬಿಡಲು ತೀರ್ಮಾನಿಸಿದೆ. ಆದರೆ ಹಿಂದೆ ಕೊಟ್ಟ 20 ವರ್ಷದ ಮಾತನ್ನು ಹಿಂತೆಗೆಯಲಾಗದು. ಅಲ್ಲಿನ ಹಡಗುಗಳು 2040ರ ಸುಮಾರಿಗೂ ಬರುತ್ತಲೇ ಇರಬಹುದು.

ಮಾರುವವರು

ಕೊರಿಯಾದ ಪೆಲೆಟ್‌ನ ದೊಡ್ಡ ಪಾಲು ಮೊದಲಿನಿಂದಲೂ ವಿಯೆಟ್ನಾಮಿನದು. ಜಪಾನ್ ಮೊದಮೊದಲು ಕೆನಡಾದ್ದನ್ನು ಹೆಚ್ಚು ಕೊಳ್ಳುತ್ತಿತ್ತು. 2019ರ ಹೊತ್ತಿಗೆ ಅಲ್ಲಿಯೂ ವಿಯೆಟ್ನಾಮ್ ಮೊದಲ ಸ್ಥಾನಕ್ಕೆ ಬಂತು. ವಿಯೆಟ್ನಾಮಿನ ಪೆಲೆಟ್ ಎಂದರೆ ಬಹುಪಾಲು ಅಕೇಶಿಯಾ. ಸಣ್ಣ ರೈತರು ಐದಾರು ವರ್ಷಕ್ಕೊಮ್ಮೆ ಕಡಿಯುವ ತೋಪು, ಪೀಠೋಪಕರಣ ಕಾರ್ಖಾನೆಗಳ ಹುಡಿ ಮತ್ತು ಚಕ್ಕೆ ಅದರ ಮೂಲ. ಇದೇ ಕುಲದ ಮರವನ್ನು ಕರ್ನಾಟಕ ಅರಣ್ಯ ಇಲಾಖೆ 1980ರ ದಶಕದಿಂದ ಕರಾವಳಿಯ ಮುರಕಲ್ಲು ಗುಡ್ಡಗಳ ಮೇಲೆ, ಜನರಿಗೆ ಸೌದೆಯಾಗಲೆಂದೂ ಬೋಳು ನೆಲ ಹಸುರಾಗಲೆಂದೂ ನೆಟ್ಟಿದೆ. ಉಡುಪಿಯಿಂದ ಕಾರ್ಕಳದತ್ತ ಹೋಗುವವರಿಗೆ ಅದರ ಕುಡುಗೋಲಿನಾಕಾರದ ಎಲೆ, ಹಳದಿ ಹೂವಿನ ಧೂಳು ಚಿರಪರಿಚಿತ. ಅಲ್ಲಿ ಅದು ರಫ್ತಿನ ಬೆಳೆಯಾಯಿತು, ಇಲ್ಲಿ ಅದರ ಅಡಿ ಏನೂ ಬೆಳೆಯುವುದಿಲ್ಲ ಎಂಬ ತಕರಾರಿನ ಮರವಾಗಿ ಉಳಿಯಿತು.

ವ್ಯಾಪಾರ ಹಿಗ್ಗಿದಾಗ ಕಳ್ಳದಾರಿಗಳೂ ಹುಟ್ಟಿದವು. ಜಪಾನ್ ಕೊಳ್ಳುವ ಪೆಲೆಟ್‌ಗೆ ಸುಸ್ಥಿರತೆಯ ಪ್ರಮಾಣಪತ್ರ ಬೇಕು. 2022ರಲ್ಲಿ ವಿಯೆಟ್ನಾಮಿನ ಬಹುದೊಡ್ಡ ರಫ್ತುದಾರ ಕಂಪನಿಯಾದ ಆನ್ ವಿಯೆಟ್ ಫಾಟ್, ಪ್ರಮಾಣಿತವಲ್ಲದ ಮರವನ್ನು ಪ್ರಮಾಣಿತವೆಂದು ತೋರಿಸಿದ್ದಕ್ಕಾಗಿ ಅರಣ್ಯ ಪಾಲನಾ ಮಂಡಳಿ ಎಫ್‌ಎಸ್‌ಸಿ ಅದರ ಪ್ರಮಾಣಪತ್ರ ಕಿತ್ತುಕೊಂಡಿತು. ಜಗತ್ತಿನ ಅತಿ ದೊಡ್ಡ ಪೆಲೆಟ್ ತಯಾರಕ ಎನಿಸಿದ್ದ ಅಮೆರಿಕದ ಎನ್ವಿವಾ 2024ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ದೀರ್ಘಾವಧಿ ಕರಾರಿನ ಭದ್ರತೆ ಎಷ್ಟರಮಟ್ಟಿನದು ಎಂಬುದು ಆಗ ಜಪಾನಿನ ಕೊಳ್ಳುಗರಿಗೂ ಅರಿವಾಯಿತು.

ಇನ್ನು ಇಂಗಾಲದ ಲೆಕ್ಕ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಮರ ಉರಿದಾಗ ಹೊರಬೀಳುವ ಇಂಗಾಲವನ್ನು ಮರ ಕಡಿದ ದೇಶದ ಭೂಬಳಕೆಯ ಖಾತೆಗೆ ಬರೆಯುತ್ತಾರೆ. ಉರಿಸಿದ ದೇಶದ ವಿದ್ಯುತ್ ಖಾತೆಯಲ್ಲಿ ಅದು ಸೊನ್ನೆ. ಹೊಗೆ ಐಚಿಯಲ್ಲಿ, ಖರ್ಚು ವಿಯೆಟ್ನಾಮಿನ ಪುಸ್ತಕದಲ್ಲಿ. ಹಡಗು, ಒಣಗಿಸುವ ಯಂತ್ರ, ಲಾರಿಗಳ ಹೊಗೆ ಬೇರೆ.

ಎಲ್ಲೂರು, ಪಣಂಬೂರು

ಜಪಾನ್, ಕೊರಿಯಾಗಳು ಪೆಲೆಟ್‌ಗೆ ಬಾಗಿಲು ತೆರೆದ 2012ರಲ್ಲೇ ಕಾಪು ತಾಲ್ಲೂಕಿನ, ಆಗಿನ ಉಡುಪಿ ತಾಲ್ಲೂಕಿನ, ಎಲ್ಲೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಎರಡನೆಯ ಘಟಕ ಕೆಲಸ ಆರಂಭಿಸಿತು. ಮೊದಲನೆಯದು 2010ರ ನವೆಂಬರಿನದು. ತಲಾ 600 ಮೆಗಾವ್ಯಾಟ್, ಒಟ್ಟು 1,200. ನಾಗಾರ್ಜುನ ಎಂಬ ಹೆಸರಿನಿಂದ ಊರಿನವರ ಬಾಯಲ್ಲಿ ನೆಲೆನಿಂತ ಈ ಯೋಜನೆ ಲ್ಯಾಂಕೊ ಕಂಪನಿಯ ಕೈಯಿಂದ 2015ರಲ್ಲಿ ಅದಾನಿ ಪವರ್ ಕೈಗೆ ಬಂತು. ಪೂರ್ತಿಯಾಗಿ ಆಮದು ಕಲ್ಲಿದ್ದಲನ್ನೇ ನಂಬಿ ಕಟ್ಟಿದ ಸ್ಥಾವರ ಇದು. ಮುಖ್ಯವಾಗಿ ಇಂಡೋನೇಷ್ಯಾದಿಂದ ಬರುವ ಕಲ್ಲಿದ್ದಲು ಪಣಂಬೂರಿನ ನವಮಂಗಳೂರು ಬಂದರಿನಲ್ಲಿಳಿದು, ಕೊಂಕಣ ರೈಲಿನಲ್ಲಿ ಎಲ್ಲೂರಿಗೆ ಬರುತ್ತದೆ. ಸುತ್ತಲ ಗದ್ದೆ, ಬಾವಿ, ಮಲ್ಲಿಗೆ ತೋಟಗಳಿಗೆ ಬೂದಿ ಮತ್ತು ಉಪ್ಪುನೀರಿನಿಂದ ಆದ ಹಾನಿಯ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು; 2022ರಲ್ಲಿ ಮಂಡಳಿ ಸುಮಾರು 52 ಕೋಟಿ ರೂಪಾಯಿ ದಂಡ ವಿಧಿಸಿತು.

ಇಂಥ ಸ್ಥಾವರಕ್ಕೆ ಕೊರಿಯಾದ ದಾರಿ, ಅಂದರೆ ಬೆರಕೆಯ ದಾರಿ, ಭಾರತದಲ್ಲೂ ತೆರೆದಿದೆ. ಎನ್‌ಟಿಪಿಸಿ 2017ರಲ್ಲಿ ದಾದ್ರಿಯಲ್ಲಿ ಕಲ್ಲಿದ್ದಲಿನೊಂದಿಗೆ ಪೆಲೆಟ್ ಉರಿಸಿ ನೋಡಿತು. ಕೇಂದ್ರ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ನೀತಿ ಕಲ್ಲಿದ್ದಲು ಸ್ಥಾವರಗಳಲ್ಲಿ ಶೇ. 5ರಷ್ಟು ಜೈವಿಕ ಪೆಲೆಟ್ ಬೆರೆಸುವುದನ್ನು ಕಡ್ಡಾಯ ಮಾಡಿತು. 2023ರಲ್ಲಿ ಗಡುವು ಬದಲಾಗಿ 2024–25ರಿಂದ ಶೇ. 5, 2025–26ರಿಂದ ಶೇ. 7 ಎಂದಾಯಿತು. ಇದರ ಅನುಷ್ಠಾನಕ್ಕೆ ಹುಟ್ಟಿದ ಯೋಜನೆಯ ಹೆಸರು ಸಮರ್ಥ್. ಪಂಜಾಬ್, ಹರಿಯಾಣಗಳಲ್ಲಿ ಹೊಲದಲ್ಲೇ ಸುಟ್ಟುಬಿಡುವ ಭತ್ತದ ಕೂಳೆಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಮಾಡಿದ ನೀತಿ ಇದು. ಕರಾವಳಿಯಲ್ಲಿ ಕೂಳೆ ಸುಡುವ ವಾಡಿಕೆಯೇ ಇಲ್ಲ; ಬೈಹುಲ್ಲು ಹಟ್ಟಿಗೆ ಹೋಗುತ್ತದೆ.

ಎಲ್ಲೂರಿನ ಗಾತ್ರದ ಸ್ಥಾವರ ಪೂರ್ಣ ಭಾರದಲ್ಲಿ ನಡೆದರೆ ವರ್ಷಕ್ಕೆ ಅಂದಾಜು 35 ಲಕ್ಷ ಟನ್‌ಗೂ ಮಿಕ್ಕಿ ಆಮದು ಕಲ್ಲಿದ್ದಲು ಬೇಕು. ಶೇ. 5 ಎಂದರೆ 1.8 ಲಕ್ಷ ಟನ್ ಪೆಲೆಟ್. 2012ರಲ್ಲಿ ಇಡೀ ಕೊರಿಯಾ ತರಿಸಿದ್ದಕ್ಕಿಂತ ಇದು ಹೆಚ್ಚು, 2015ರಲ್ಲಿ ಇಡೀ ಜಪಾನ್ ತರಿಸಿದ್ದರ ಮುಕ್ಕಾಲು ಪಾಲು. ಅದನ್ನು ಹಸಿ ಮರದಿಂದ ಮಾಡಲು ಹೊರಟರೆ ಹತ್ತಿರಹತ್ತಿರ ಎರಡು ಪಟ್ಟು ಮರ ಬೇಕು. ಜಿಲ್ಲೆಯ ಸಾಮಿಲ್ಲುಗಳ ಹುಡಿಯೆಲ್ಲ ಕೂಡಿದರೂ ಅಷ್ಟಾಗುವುದಿಲ್ಲ. ಆದದ್ದಕ್ಕೂ ಈಗಾಗಲೇ ಗಿರಾಕಿಗಳಿದ್ದಾರೆ.

ಬೀಜದ ಫ್ಯಾಕ್ಟರಿ, ಅಕ್ಕಿ ಗಿರಣಿ, ಮಠದ ಅಡುಗೆಮನೆ

ಆ ಗಿರಾಕಿಗಳನ್ನು ನೋಡದೆ ಉಡುಪಿಯ ಇಂಧನದ ಚಿತ್ರ ಪೂರ್ತಿಯಾಗದು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದು, ಮುಂದೆ ಮಲ್ಪೆಗೂ ಅದನ್ನು ಒಯ್ದ ಕಾಲದಿಂದ ಈ ಸೀಮೆಯ ಭಟ್ಟಿಗಳು ಘಟ್ಟದ ಸೌದೆಯನ್ನು ನುಂಗುತ್ತ ಬಂದವು. ಹೆಂಚು ಹಿಂದೆ ಸರಿದ ಮೇಲೂ ಕುಚ್ಚಲಕ್ಕಿ ಗಿರಣಿಗಳು, ಮೀನಿನ ಹುಡಿ ಮತ್ತು ಎಣ್ಣೆಯ ಘಟಕಗಳು, ಬೇಕರಿಗಳು ಉಳಿದಿವೆ. ಕುಚ್ಚಲಕ್ಕಿಗೆ ಭತ್ತವನ್ನು ಬೇಯಿಸಲೇಬೇಕು, ಬೇಯಿಸಲು ಉಮಿ ಇದೆ. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಉಮಿ. ಗಿರಣಿ ತನ್ನ ಇಂಧನವನ್ನು ತಾನೇ ಸುಲಿದುಕೊಳ್ಳುತ್ತದೆ.

ಇಂಧನವನ್ನು ಮುಂಗಡವಾಗಿ ಕೂಡಿಡುವ ಶಿಸ್ತು ಕಾಣಬೇಕಾದರೆ ಉಡುಪಿಯ ಶ್ರೀಕೃಷ್ಣ ಮಠಕ್ಕೆ ಹೋಗಬೇಕು. ಎರಡು ವರ್ಷಕ್ಕೊಮ್ಮೆ ಪೂಜಾಧಿಕಾರ ಮಠದಿಂದ ಮಠಕ್ಕೆ ದಾಟುವ ಪರ್ಯಾಯಕ್ಕೆ ಮುನ್ನ ನಡೆಯುವ ನಾಲ್ಕು ಮುಹೂರ್ತಗಳು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಕಟ್ಟಿಗೆ ಮುಹೂರ್ತದ ನಂತರ ಮಧ್ವಸರೋವರದ ಬಳಿ ಸೌದೆಯನ್ನು ಸೀಳಿ ಒಪ್ಪವಾಗಿ ಜೋಡಿಸುತ್ತ ರಥದ ಆಕಾರಕ್ಕೆ ಎತ್ತರಿಸುತ್ತಾರೆ. ಮುಂದಿನ ಎರಡು ವರ್ಷದ ಅನ್ನಸಂತರ್ಪಣೆಗೆ ಬೇಕಾದ ಉರುವಲಿನ ಸಂಗ್ರಹ ಅದು.

ಕಾರ್ಕಳದ ಕಥೆ ಇದಕ್ಕಿಂತ ಜಟಿಲ. ಊರಿನವರು ‘ಬೀಜದ ಫ್ಯಾಕ್ಟರಿ’ ಎನ್ನುವ ಗೇರು ಸಂಸ್ಕರಣಾ ಘಟಕಗಳು ಕಾರ್ಕಳ, ಕುಂದಾಪುರ, ಉಡುಪಿ ಸುತ್ತ ಹಲವಾರು ಇವೆ. ಒಳಗಿನ ಕೆಲಸ ಹೀಗೆ: ಬಿಸಿಲಲ್ಲಿ ಒಣಗಿಸಿದ ಬೀಜವನ್ನು ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಕಾಲಿನಿಂದ ಮೆಟ್ಟುವ ಕತ್ತರಿ ಯಂತ್ರದಲ್ಲೋ ಸ್ವಯಂಚಾಲಿತ ಯಂತ್ರದಲ್ಲೋ ಸೀಳಿ ತಿರುಳು ಬಿಡಿಸುತ್ತಾರೆ. ಕೆಲಸ ಮಾಡುವವರು ಬಹುತೇಕ ಹೆಂಗಸರು. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುವುದರಿಂದ ಕೈಗೆ ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಂಡೇ ಕೂರುತ್ತಾರೆ. ಬೀಜದ ತೂಕದಲ್ಲಿ ತಿರುಳು ಕಾಲುಭಾಗಕ್ಕಿಂತ ತುಸು ಹೆಚ್ಚು, ಉಳಿದದ್ದು ಸುಮಾರು 70 ಪಾಲು ಸಿಪ್ಪೆ. ಆ ಸಿಪ್ಪೆಯೇ ಮುಂದಿನ ಬ್ಯಾಚು ಬೇಯಿಸುವ ಬಾಯ್ಲರಿಗೆ ಉರುವಲು. ಮಿಕ್ಕಿದ್ದು ಎಣ್ಣೆ ತೆಗೆಯುವ ಗಾಣಕ್ಕೆ ಹೋಗುತ್ತದೆ. ಗಾಣದಲ್ಲಿ ಒತ್ತಿ ಎಣ್ಣೆ ತೆಗೆದ ಹಿಂಡಿ ಕೂಡ ಬಾಯ್ಲರ್ ಇಂಧನವಾಗಿ ಮಾರಾಟವಾಗುತ್ತದೆ. ಶಾಖದಲ್ಲಿ ಅದು ಮರದ ಪೆಲೆಟ್‌ಗೆ ಕಡಿಮೆಯಿಲ್ಲ. ಹೊಗೆ ಮಾತ್ರ ಕಣ್ಣು ಮೂಗು ಉರಿಸುತ್ತದೆ.

ಈ ಬೀಜದ ದೊಡ್ಡ ಪಾಲು ಕಾರ್ಕಳದ ಗುಡ್ಡದ್ದಲ್ಲ. ಸ್ವಾತಂತ್ರ್ಯಪೂರ್ವದಿಂದಲೇ ಭಾರತ ಪೂರ್ವ ಆಫ್ರಿಕದಿಂದ ಕಚ್ಚಾ ಗೇರುಬೀಜ ತರಿಸುತ್ತಿತ್ತು. ಈಗ ಐವರಿ ಕೋಸ್ಟ್, ಬೆನಿನ್, ಘಾನಾ, ಗಿನಿ ಬಿಸಾವ್, ಟಾಂಜಾನಿಯಾಗಳಿಂದ ಹಡಗು ಬರುತ್ತದೆ. ಬೀಜ ತರಿಸಿದವನ ಮನಸ್ಸು ತಿರುಳಿನ ಮೇಲೆ. ಆದರೆ ಅವನು ಇಳಿಸಿಕೊಳ್ಳುವ ಪ್ರತಿ ಟನ್ನಿನಲ್ಲೂ 700 ಕಿಲೊದಷ್ಟು ಉರುವಲೂ ಬಂದಿಳಿಯುತ್ತದೆ. ಪೆಲೆಟ್ ತರಿಸುವ ಜಪಾನ್ ಇಂಧನಕ್ಕೆ ಹಡಗು ಬಾಡಿಗೆ ಕೊಡುತ್ತದೆ. ಕಾರ್ಕಳದಲ್ಲಿ ಆ ಬಾಡಿಗೆಯನ್ನು ತಿರುಳು ತೆರುತ್ತದೆ. ಯಾವ ಸರ್ಕಾರದ ದರಪಟ್ಟಿಯೂ ಇದನ್ನು ಹುಟ್ಟಿಸಲಿಲ್ಲ, ಆದ್ದರಿಂದ ಯಾವ ಸರ್ಕಾರದ ಸುತ್ತೋಲೆಯೂ ಇದನ್ನು ನಿಲ್ಲಿಸಲಾರದು. ಸ್ವಾರಸ್ಯವೆಂದರೆ ಜಪಾನ್ ಇತ್ತೀಚೆಗೆ ತನ್ನ ಅನುಮೋದಿತ ಇಂಧನಗಳ ಪಟ್ಟಿಗೆ ಗೇರು ಸಿಪ್ಪೆಯನ್ನೂ ಸೇರಿಸಿಕೊಂಡಿದೆ.

ಎಲ್ಲೂರಿನ ಬೆರಕೆಗೆ ಈ ಸಿಪ್ಪೆ ಸಾಕೇ? 1.8 ಲಕ್ಷ ಟನ್ ಸಿಪ್ಪೆ ಸಿಗಬೇಕಾದರೆ ಸುಮಾರು 2.6 ಲಕ್ಷ ಟನ್ ಬೀಜ ಒಡೆಯಬೇಕು. ಇಡೀ ದೇಶದ ವಾರ್ಷಿಕ ಬೆಳೆಯೇ 7–8 ಲಕ್ಷ ಟನ್. ಅಂದರೆ ಭಾರತದ ಮೂರನೇ ಒಂದು ಪಾಲು ಗೇರಿನ ಸಿಪ್ಪೆ ಒಂದೇ ಸ್ಥಾವರದ ಶೇ. 5ಕ್ಕೆ ಸರಿಹೋಗುತ್ತದೆ. ಮೇಲಾಗಿ ಸಿಪ್ಪೆಯನ್ನು ದೊಡ್ಡ ಸ್ಥಾವರ ಹೆಚ್ಚು ಬೆಲೆಗೆ ಎತ್ತಿಕೊಂಡರೆ ಬೀಜದ ಫ್ಯಾಕ್ಟರಿ ಮತ್ತೆ ಸೌದೆ ಲಾರಿಯತ್ತ ತಿರುಗುತ್ತದೆ. ಕಲ್ಲಿದ್ದಲು ಉಳಿಯಿತೆಂದು ಕಾಪುವಿನಲ್ಲಿ ಬರೆದ ಲೆಕ್ಕ, ಮರ ಬಿತ್ತೆಂದು ಕಾರ್ಕಳದಲ್ಲಿ ಅಳಿಸಿಹೋಗುತ್ತದೆ. ಕೊರಿಯಾದಲ್ಲಿ ಆದದ್ದೂ ಇದೇ ಬಗೆಯದು: ಗುರಿ ಕೊಟ್ಟರು, ಗುರಿ ಮುಟ್ಟಿತು, ಮರ ಎಲ್ಲಿಂದ ಬಂತೆಂದು ಕೇಳುವುದನ್ನು ಆರು ವರ್ಷ ತಡಮಾಡಿದರು.

ಸಹಾಯಧನ ಎಂದರೆ ಹೀಗೇ ಆಗಬೇಕೆಂದಿಲ್ಲ. ಅದಕ್ಕೆ ಉದಾಹರಣೆ ಮಣಿಪಾಲದಲ್ಲೇ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆನಿಂತ ಸಿಂಡಿಕೇಟ್ ಬ್ಯಾಂಕ್ (2020ರಲ್ಲಿ ಕೆನರಾ ಬ್ಯಾಂಕಿನೊಳಗೆ ವಿಲೀನ), ಕೆನರಾ ಬ್ಯಾಂಕಿನ ಜತೆ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಸೌರ ಸಾಲ ಯೋಜನೆಯಲ್ಲಿ ಪಾಲ್ಗೊಂಡಿತು. ಅಲ್ಲಿ ನೆರವು ಕೊಟ್ಟದ್ದು ಮನೆಯವರು ತೆಗೆದುಕೊಂಡ ಸಾಲದ ಬಡ್ಡಿಗೆ, ಅದೂ ಹಂತಹಂತವಾಗಿ ಇಳಿಯುವಂತೆ. ನೆರವು ಮುಗಿದ ಮೇಲೂ ದಕ್ಷಿಣ ಕನ್ನಡ, ಉಡುಪಿಯ ಮನೆಗಳು ಸೌರ ದೀಪಕ್ಕೆ ಸಾಲ ಪಡೆಯುತ್ತಲೇ ಹೋದವು. ನೆರವು ಯಂತ್ರಕ್ಕೆ ಸಂದಾಗ ಒಂದು ದಿನ ಮುಗಿಯುತ್ತದೆ. ಉರಿದು ಹೋಗುವ ಸರಕಿಗೆ ಸಂದಾಗ ಬಾಯ್ಲರ್ ಇರುವಷ್ಟು ಕಾಲವೂ ಸಲ್ಲುತ್ತಲೇ ಇರಬೇಕು. ಜಪಾನಿನ 24 ಯೆನ್ ಎರಡನೆಯ ಬಗೆಯದು.

ಎಲ್ಲೂರಿಗೆ ಪೆಲೆಟ್ ಬೆರಕೆ ಬರುವುದಾದರೆ ಮೊದಲು ಕೇಳಬೇಕಾದದ್ದು ಶೇಕಡಾವಾರು ಪ್ರಮಾಣವನ್ನಲ್ಲ. ಆ ಹುಡಿ, ಆ ಉಮಿ, ಆ ಸಿಪ್ಪೆ ಇಂದು ಯಾರ ಒಲೆಯಲ್ಲಿ ಉರಿಯುತ್ತಿದೆ ಎಂಬುದನ್ನು. ಅದನ್ನು ಹೇಳಬಲ್ಲ ದಾಖಲೆ ಸುಂಕದ ಕಚೇರಿಯಲ್ಲಿ ಸಿಗುವುದಿಲ್ಲ. ಜಪಾನಿನ ಬಂದರಿನಲ್ಲಿ ಇಳಿಯುವ ಉರುವಲಿಗೆ 4401.31 ಎಂಬ ಸಂಖ್ಯೆಯಿದೆ, ಪಣಂಬೂರಿನಲ್ಲಿ ಇಳಿಯುವ ಕಲ್ಲಿದ್ದಲಿಗೂ ತನ್ನದೊಂದು ಸಂಖ್ಯೆಯಿದೆ. ಕಾರ್ಕಳದ ಬಾಯ್ಲರುಗಳಲ್ಲಿ ಉರಿಯುವ ಆಫ್ರಿಕದ ಸಿಪ್ಪೆ ಇಲ್ಲಿನ ಸುಂಕದ ಯಾವ ಇಂಧನ ಪಟ್ಟಿಯಲ್ಲೂ ಇಲ್ಲ. ಕಾಗದದಲ್ಲಿ ಅದು 0801.31, ಸಿಪ್ಪೆಸಹಿತ ಗೇರುಬೀಜ.